ಒಂಬತ್ತು ಪ್ರತಿಗಳ ಕಾಫಿ ಲೆಕ್ಕ: ಒಂದು ಮಳೆಗಾಲದ ದುರಸ್ತಿಯ ವಿವರ

2014ರಲ್ಲಿ ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರಿಗೆ ನಾನು ಬರೆದುಕೊಟ್ಟ ತೂಕ ಮತ್ತು ಬಿಲ್ಲಿನ ತಂತ್ರಾಂಶವು ಹತ್ತು ವರ್ಷಗಳಲ್ಲಿ ಒಂಬತ್ತು ಪ್ರತಿಗಳಾಗಿತ್ತು. ಚಿಕ್ಕಮಗಳೂರಿನಲ್ಲಿ ಮೂರು, ಮೂಡಿಗೆರೆಯಲ್ಲಿ ಎರಡು, ಕೊಪ್ಪ, ಬಾಳೆಹೊನ್ನೂರು, ಕಳಸ ಮತ್ತು ಸಕಲೇಶಪುರಗಳಲ್ಲಿ ಒಂದೊಂದು. ಹೊಸ ಗಿರಾಕಿ ಬಂದಾಗಲೆಲ್ಲ ಹಿಂದಿನ ಗಿರಾಕಿಯ ಫೋಲ್ಡರನ್ನು ಹಾಗೆಯೇ ನಕಲು ಮಾಡಿ, ಬಿಲ್ಲಿನ ತಲೆಬರಹ ಬದಲಿಸಿ, ಅವರು ಕೇಳಿದ ನಾಲ್ಕಾರು ತಿದ್ದುಪಡಿಗಳನ್ನು ಅಲ್ಲೇ ಮಾಡಿ ಕೊಟ್ಟುಬಿಡುವುದು ನನ್ನ ಪದ್ಧತಿಯಾಗಿತ್ತು. ಒಂದೇ ಸಂಜೆಯಲ್ಲಿ ಕೆಲಸ ಮುಗಿಯುತ್ತಿತ್ತು, ಹಣವೂ ಬರುತ್ತಿತ್ತು, ಒಬ್ಬರಿಗಾಗಿ ಮಾಡಿದ ಬದಲಾವಣೆಯಿಂದ ಇನ್ನೊಬ್ಬರ ಬಿಲ್ಲು ಕೆಡುವ ಭಯವೂ ಇರಲಿಲ್ಲ. ಆ ಕೊನೆಯ ಕಾರಣವನ್ನು ಇಂದಿಗೂ ನಾನು ಹಗುರವಾಗಿ ಕಾಣುವುದಿಲ್ಲ. ಕಾಫಿ ಹಂಗಾಮಿನ ನಡುವೆ ಒಂದು ದಿನ ಬಿಲ್ಲಿಂಗ್ ನಿಂತರೆ ಗೋದಾಮಿನ ಮುಂದೆ ಲಾರಿಗಳು ಸಾಲುಗಟ್ಟುತ್ತವೆ.

ಈ ವ್ಯವಸ್ಥೆ ಕೈಕೊಟ್ಟದ್ದು 2024ರ ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಆಗಷ್ಟೇ ಬಿರುಸಾಗುತ್ತಿದ್ದಾಗ. ಮೂಡಿಗೆರೆಯ ಒಂದು ಅಂಗಡಿಗೆ 38 ಮೂಟೆ ಒಣ ಚೆರಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು, ತಂದ ಬೆಳೆಗಾರರು ಮನೆಯಲ್ಲಿಯೇ ತೂಗಿಸಿಕೊಂಡು ಬಂದಿದ್ದರು. ಅಂಗಡಿಯ ಬಿಲ್ಲಿನಲ್ಲಿ 11 ಕೆ.ಜಿ. 400 ಗ್ರಾಂ ಕಡಿಮೆ ಕಂಡಿತು. ಎರಡನೆಯ ಸಲ ತೂಗಿದಾಗ ಲೆಕ್ಕ ಸರಿಹೋಯಿತು. ವ್ಯಾಪಾರಿಯು ಫೋನಿನಲ್ಲಿ, "ಮಾರಾಯ್ರೇ, ನಿಮ್ಮ ಕಂಪ್ಯೂಟರ್ ಒಂದೊಂದು ಸಲ ಒಂದೊಂದು ತೂಕ ಹೇಳ್ತದೆ, ನಾನು ಯಾರಿಗೆ ಏನು ಉತ್ತರ ಕೊಡ್ಲಿ?" ಎಂದರು. ಅವರ ದನಿಯಲ್ಲಿದ್ದದ್ದು ಸಿಟ್ಟಿಗಿಂತ ಹೆಚ್ಚಾಗಿ ಸಂಕೋಚ.

ಕಾರಣ ನನಗೆ ಆ ಕ್ಷಣದಲ್ಲೇ ಹೊಳೆಯಿತು, ಏಕೆಂದರೆ ಇದೇ ದೋಷವನ್ನು 2019ರಲ್ಲಿ ಬಾಳೆಹೊನ್ನೂರಿನ ಪ್ರತಿಯಲ್ಲಿ ನಾನೇ ಸರಿಪಡಿಸಿದ್ದೆ. ತೂಕದ ಯಂತ್ರವು ಸೀರಿಯಲ್ ತಂತಿಯ ಮೂಲಕ ಕಂಪ್ಯೂಟರಿಗೆ ಸೆಕೆಂಡಿಗೆ ಹಲವು ಬಾರಿ ಒಂದು ಸಾಲನ್ನು ಕಳುಹಿಸುತ್ತಲೇ ಇರುತ್ತದೆ. ಈ ಅಂಗಡಿಯಲ್ಲಿದ್ದ ಮಾದರಿಯಲ್ಲಿ ಆ ಸಾಲಿನ ಮೊದಲೆರಡು ಅಕ್ಷರಗಳು ತೂಕ ಸ್ಥಿರವಾಗಿದೆಯೋ ಇನ್ನೂ ಅಲುಗಾಡುತ್ತಿದೆಯೋ ಎಂಬುದನ್ನು ತಿಳಿಸುತ್ತವೆ: ಸ್ಥಿರವಾಗಿದ್ದರೆ ಎಸ್‌ಟಿ, ಇಲ್ಲದಿದ್ದರೆ ಯುಎಸ್. ನನ್ನ ಮೂಲ ಕೋಡ್ ಆ ಎರಡು ಅಕ್ಷರಗಳನ್ನು ನೋಡದೆ ಅಂಕಿಯನ್ನಷ್ಟೇ ಓದುತ್ತಿತ್ತು. ಹಮಾಲರು ಮೂಟೆಯನ್ನು ಪೂರ್ತಿ ಇಳಿಸುವ ಮೊದಲೇ ಗುಮಾಸ್ತರು ಎಂಟರ್ ಒತ್ತಿದರೆ ಅರ್ಧ ಇಳಿದ ಮೂಟೆಯ ತೂಕವೇ ಬಿಲ್ಲಿಗೆ ಬೀಳುತ್ತಿತ್ತು. ಬಾಳೆಹೊನ್ನೂರಿನಲ್ಲಿ ಮಾಡಿದ ತಿದ್ದುಪಡಿಯನ್ನು ಉಳಿದ ಎಂಟು ಕಡೆಗೂ ಒಯ್ಯಬೇಕೆಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಹುಡುಕಿ ನೋಡಿದರೆ ಮೂರು ಕಡೆಗೆ ಮಾತ್ರ ಒಯ್ದಿದ್ದೆ.

ಅಮೆರಿಕದ ತಂತ್ರಾಂಶಕಾರ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ತಂತ್ರಾಂಶದ ಅವಸರದ ಕೆಲಸವನ್ನು ಸಾಲಕ್ಕೆ ಹೋಲಿಸಿದರು. ಬೇಗ ತೀರಿಸಿದರೆ ಸಾಲದಿಂದ ಅನುಕೂಲವೇ ಆಗುತ್ತದೆ, ತೀರಿಸದೆ ಬಿಟ್ಟರೆ ಆ ಕೋಡಿನ ಮೇಲೆ ಕಳೆಯುವ ಪ್ರತಿ ನಿಮಿಷವೂ ಬಡ್ಡಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದು ಅವರ ಮಾತಿನ ತಿರುಳು. ಮಲೆನಾಡಿನಲ್ಲಿ ಬೆಳೆಸಾಲದ ಸಂಗತಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನನ್ನದು ಒಂದೇ ಸಾಲವಲ್ಲ, ಒಂದೇ ಅಸಲನ್ನು ಒಂಬತ್ತು ಪುಸ್ತಕಗಳಲ್ಲಿ ಬರೆದಿಟ್ಟು ಪ್ರತಿ ಪುಸ್ತಕದಲ್ಲೂ ಬೇರೆ ಬೇರೆ ಬಡ್ಡಿ ತೆರುತ್ತಿದ್ದ ಸ್ಥಿತಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಬಿಲ್ಲಿನ ನಮೂನೆಯನ್ನು ಆಗ ಇದ್ದ ಆರೂ ಪ್ರತಿಗಳಲ್ಲಿ ಪ್ರತ್ಯೇಕವಾಗಿ ತಿದ್ದಿದ್ದೆ. ಆರು ಬಾರಿ ಒಂದೇ ಕೆಲಸ ಮಾಡಿದೆ ಎಂದುಕೊಂಡಿದ್ದೆ. ಅದನ್ನು ಆರು ಬಗೆಯಲ್ಲಿ ಮಾಡಿದ್ದೆ ಎಂಬುದು ಈ ದುರಸ್ತಿಯಲ್ಲಿ ತಿಳಿಯಿತು.

ಹಂಗಾಮು ಮುಗಿಯುವವರೆಗೆ ತೇಪೆ ಹಾಕಿಕೊಂಡು ದಿನ ದೂಡಿದೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುವುದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲವೇ ನನಗೆ ಸಿಕ್ಕ ಅವಧಿ. ವ್ಯಾಪಾರ ತಣ್ಣಗಿರುತ್ತದೆ, ಗಿರಾಕಿಗಳಿಗೂ ಮಾತಾಡಲು ಪುರುಸೊತ್ತಿರುತ್ತದೆ. ಕರೆಂಟು ಮಾತ್ರ ಇರುವುದಿಲ್ಲ.

ಮೊದಲ ಕೆಲಸ ಒಂಬತ್ತೂ ಪ್ರತಿಗಳನ್ನು ಒಂದೆಡೆ ಸೇರಿಸುವುದು. ಇದಕ್ಕೆ ಎರಡು ದಿನ ಸಾಕೆಂದುಕೊಂಡಿದ್ದೆ, ಮೂರು ವಾರ ಹಿಡಿಯಿತು. ನನ್ನ ಬಳಿಯಿದ್ದ ಕೋಡಿನಿಂದ ಕಟ್ಟಿದ ತಂತ್ರಾಂಶವೂ ಗಿರಾಕಿಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ ತಂತ್ರಾಂಶವೂ ಒಂದೇ ಎಂದು ನಂಬುವಂತಿರಲಿಲ್ಲ. ಹಂಗಾಮಿನ ಅವಸರದಲ್ಲಿ ಅವರ ಅಂಗಡಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ತಿದ್ದಿಕೊಟ್ಟ ಸಂದರ್ಭಗಳು ಹಲವಿದ್ದವು, ಆ ಲ್ಯಾಪ್‌ಟಾಪ್ 2020ರಲ್ಲಿ ಕೆಟ್ಟುಹೋಗಿತ್ತು. ಹಾಗಾಗಿ ಪ್ರತಿ ಊರಿಗೂ ಹೋಗಿ ಓಡುತ್ತಿದ್ದ ಕಡತಗಳನ್ನೇ ಪೆನ್‌ಡ್ರೈವಿಗೆ ತುಂಬಿಕೊಂಡು ಬಂದು, ನನ್ನ ಕೋಡಿನಿಂದ ಕಟ್ಟಿದ ಕಡತಗಳೊಂದಿಗೆ ಹೋಲಿಸಿದೆ. ಎರಡು ಪ್ರತಿಗಳು ಹೊಂದಲಿಲ್ಲ. ತಂತ್ರಾಂಶವು ವಿಬಿ ಡಾಟ್‌ನೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದ್ದುದರಿಂದ ಐಎಲ್‌ಸ್ಪೈ ಎಂಬ ಉಪಕರಣದ ಸಹಾಯದಿಂದ ಓಡುವ ಕಡತದಿಂದಲೇ ಕೋಡನ್ನು ಮರಳಿ ಪಡೆಯಲು ಸಾಧ್ಯವಾಯಿತು. ಹಾಗೆ ಪಡೆದ ಕೋಡಿನಲ್ಲಿ ನಾನು ಬರೆದಿದ್ದ ಟಿಪ್ಪಣಿಗಳೂ ಒಳಗಿನ ಚರಾಕ್ಷರಗಳ ಹೆಸರುಗಳೂ ಉಳಿದಿರಲಿಲ್ಲ. ನನ್ನದೇ ಬರಹವನ್ನು ಅಪರಿಚಿತನ ಬರಹದಂತೆ ಓದಬೇಕಾಯಿತು.

ನಂತರ 2014ರ ಸಿ.ಡಿ.ಯಲ್ಲಿ ಉಳಿದಿದ್ದ ಮೊದಲ ಪ್ರತಿಯನ್ನು ಕೋಡಿನ ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್ ಎಂಬ ಉಪಕರಣದಲ್ಲಿ ಬುಡವಾಗಿ ಇರಿಸಿ, ಒಂಬತ್ತನ್ನೂ ಅದರಿಂದ ಹೊರಟ ಒಂಬತ್ತು ಕವಲುಗಳಾಗಿ ಸೇರಿಸಿದೆ. ಮೊದಲ ಹೋಲಿಕೆಯಲ್ಲಿ ಕಂಡ ಸಾವಿರಾರು ಸಾಲುಗಳ ವ್ಯತ್ಯಾಸದಲ್ಲಿ ಬಹುಪಾಲು ಖಾಲಿ ಜಾಗ, ಸಾಲಿನ ಕೊನೆಯ ಗುರುತು ಮತ್ತು ಪರದೆಯ ವಿನ್ಯಾಸದ ಕಡತಗಳು ತಾವಾಗಿ ಬರೆದುಕೊಂಡ ಕಸ. ಅದನ್ನೆಲ್ಲ ಸೋಸಿದ ಮೇಲೆ ಸುಮಾರು 400 ನಿಜವಾದ ವ್ಯತ್ಯಾಸಗಳು ಉಳಿದವು. ಅವನ್ನು ಮುದ್ರಿಸಿ, ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಅಂಟಿಸಿ, ಪ್ರತಿಯೊಂದರ ಎದುರಿಗೆ ಇದನ್ನು ಕೇಳಿದವರು ಯಾರು, ಯಾವಾಗ, ಏಕೆ ಎಂದು ಬರೆಯತೊಡಗಿದೆ. ಹಳೆಯ ವಾಟ್ಸಾಪ್ ಸಂದೇಶಗಳು, ರಸೀದಿ ಪುಸ್ತಕಗಳು, ಗಿರಾಕಿಗಳ ನೆನಪು ಇವೇ ನನ್ನ ಆಧಾರ. ಗಿರಾಕಿ ಬೇಕೆಂದು ಕೇಳಿ ಮಾಡಿಸಿಕೊಂಡ ವ್ಯತ್ಯಾಸಗಳು ಒಂದು ಗುಂಪು, ಒಂದೆಡೆ ಸರಿಪಡಿಸಿ ಬೇರೆಡೆ ಮರೆತವು ಇನ್ನೊಂದು ಗುಂಪು. ಏಕೆ ಇವೆಯೆಂದು ಯಾರಿಗೂ ತಿಳಿಯದವು ಮೂರನೆಯ ಗುಂಪು, ಮತ್ತು ಅದೇ ಎಲ್ಲಕ್ಕಿಂತ ದೊಡ್ಡದು.

ಇಲ್ಲಿ ನನ್ನ ತಿಳಿವಳಿಕೆ ಬದಲಾಯಿತು. ಪ್ರತಿಗಳು ಒಂಬತ್ತಾದದ್ದೇ ಸಾಲವೆಂದು ಭಾವಿಸಿ ಕೆಲಸ ಶುರುಮಾಡಿದ್ದೆ. ಆದರೆ ಕಾರಣ ಗೊತ್ತಿದ್ದ ವ್ಯತ್ಯಾಸಗಳಿಂದ ನನಗೆ ತೊಂದರೆಯೇ ಆಗಲಿಲ್ಲ, ಅವನ್ನು ಒಂದೊಂದು ಗಂಟೆಯಲ್ಲಿ ಒಟ್ಟುಗೂಡಿಸಿದೆ. ದಿನಗಟ್ಟಲೆ ತಿಂದದ್ದು ಕಾರಣ ಕಳೆದುಹೋದ ವ್ಯತ್ಯಾಸಗಳು. ಕೋಡಿನಲ್ಲಿ ನೋಡಿದರೆ ಬೇಕೆಂದು ಮಾಡಿದ್ದಕ್ಕೂ ಕೈತಪ್ಪಿ ಆದದ್ದಕ್ಕೂ ಚೂರೂ ಭೇದ ಕಾಣುವುದಿಲ್ಲ.

ಔಟ್‌ಟರ್ನ್ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಎಲ್ಲರೂ ಓಟಿ ಎನ್ನುತ್ತಾರೆ. 50 ಕೆ.ಜಿ. ಚೆರಿ ಮೂಟೆಯಿಂದ ಸಿಪ್ಪೆ ಕಳೆದು ಎಷ್ಟು ಕೆ.ಜಿ. ಕಾಫಿ ಬೀಜ ಸಿಗುತ್ತದೆ ಎಂಬುದೇ ಓಟಿ, ಮತ್ತು ಒಂದು ಓಟಿಗೆ ಇಂತಿಷ್ಟು ರೂಪಾಯಿ ಎಂದು ದರ ನಿಗದಿಯಾಗುತ್ತದೆ. ನನ್ನ ಗಿರಾಕಿಗಳ ಅಂಗಡಿಗಳಲ್ಲಿ 200 ಗ್ರಾಂ ಸ್ಯಾಂಪಲ್ ತೆಗೆದು, ಸಿಪ್ಪೆ ಸುಲಿದು, ಉಳಿದ ಬೀಜವನ್ನು ಗ್ರಾಂ ಮಟ್ಟದ ತಕ್ಕಡಿಯಲ್ಲಿ ತೂಗುತ್ತಾರೆ. 200 ಗ್ರಾಮನ್ನು 50 ಕೆ.ಜಿ.ಗೆ ಹಿಗ್ಗಿಸುವುದೆಂದರೆ ಬೀಜದ ಗ್ರಾಮನ್ನು ನಾಲ್ಕರಿಂದ ಭಾಗಿಸುವುದು. ಬೀಜ 109 ಗ್ರಾಂ ಬಂದರೆ ಓಟಿ 27.25, 111 ಗ್ರಾಂ ಬಂದರೆ 27.75. ಬಿಲ್ಲಿನಲ್ಲಿ ದಶಮಾಂಶದ ಒಂದೇ ಸ್ಥಾನ ತೋರಿಸುವುದರಿಂದ ಈ 25 ಮತ್ತು 75ನ್ನು ಯಾವ ಕಡೆಗಾದರೂ ದುಂಡಾಗಿಸಲೇಬೇಕು.

ಡಾಟ್‌ನೆಟ್‌ನಲ್ಲಿ ದುಂಡಾಗಿಸಲು ಇರುವ ಮ್ಯಾಥ್ ರೌಂಡ್ ಎಂಬ ಕ್ರಮವು, ಬೇರೆ ಸೂಚನೆ ಕೊಡದಿದ್ದರೆ, ನಟ್ಟನಡುವಿನ ಸಂಖ್ಯೆಯನ್ನು ಹತ್ತಿರದ ಸಮ ಅಂಕಿಗೆ ಒಯ್ಯುತ್ತದೆ. 27.25 ಇದ್ದದ್ದು 27.2 ಆಗುತ್ತದೆ, 27.75 ಇದ್ದದ್ದು 27.8 ಆಗುತ್ತದೆ. ಬ್ಯಾಂಕಿನವರ ದುಂಡಾಗಿಸುವಿಕೆ ಎಂಬ ಹೆಸರು ಇದಕ್ಕಿದೆ, ಒಂದು ಸಲ ಕೆಳಗೆ ಒಂದು ಸಲ ಮೇಲೆ ಹೋಗುವುದರಿಂದ ಒಟ್ಟು ಲೆಕ್ಕ ಯಾರ ಕಡೆಗೂ ವಾಲುವುದಿಲ್ಲ. ಫಾರ್ಮ್ಯಾಟ್ ಎಂಬ ಇನ್ನೊಂದು ಕ್ರಮವು ಶಾಲೆಯಲ್ಲಿ ಕಲಿಸಿದಂತೆ ಎರಡನ್ನೂ ಮೇಲಕ್ಕೆ ಒಯ್ದು 27.3 ಮತ್ತು 27.8 ಎಂದು ಕೊಡುತ್ತದೆ. ಹತ್ತರಿಂದ ಗುಣಿಸಿ, ದಶಮಾಂಶ ಕತ್ತರಿಸಿ, ಮತ್ತೆ ಹತ್ತರಿಂದ ಭಾಗಿಸಿದರೆ 27.2 ಮತ್ತು 27.7. ನನ್ನ ಒಂಬತ್ತು ಪ್ರತಿಗಳಲ್ಲಿ ಈ ಮೂರೂ ಇದ್ದವು: ಆರರಲ್ಲಿ ಮೊದಲನೆಯದು, ಎರಡರಲ್ಲಿ ಎರಡನೆಯದು, ಒಂದರಲ್ಲಿ ಮೂರನೆಯದು. ಬೇರೆ ಲೆಕ್ಕಗಳಲ್ಲಿ ನಟ್ಟನಡುವಿನ ಸಂಖ್ಯೆ ಅಪರೂಪಕ್ಕೆ ಬರುತ್ತದೆ. ನಾಲ್ಕರಿಂದ ಭಾಗಿಸುವ ಈ ಲೆಕ್ಕದಲ್ಲಿ ಎರಡು ಸ್ಯಾಂಪಲ್‌ಗಳಿಗೆ ಒಂದು ಹಾಗೆಯೇ ಬರುತ್ತದೆ. ಓಟಿಗೆ 360 ರೂಪಾಯಿ ದರವೆಂದು ಇಟ್ಟುಕೊಂಡರೆ 0.1 ಓಟಿಯ ಬೆಲೆ ಮೂಟೆಗೆ 36 ರೂಪಾಯಿ, 40 ಮೂಟೆಗೆ 1,440 ರೂಪಾಯಿ.

ಎರಡನೆಯ ಬಗೆಯ ಪ್ರತಿಗಳನ್ನು ಕಂಡಾಗ ಅದು ನನ್ನ ಅಜಾಗರೂಕತೆಯೆಂದೇ ಭಾವಿಸಿ, ಸರಿಪಡಿಸಬೇಕಾದವುಗಳ ಪಟ್ಟಿಗೆ ಸೇರಿಸಿದ್ದೆ. ಕೊಪ್ಪದ ಅಂಗಡಿಯ ಹಿರಿಯ ಗುಮಾಸ್ತರು ಅದನ್ನು ಕೇಳಿ ತಲೆಯಲ್ಲಾಡಿಸಿದರು. "ಅದು ನಾವೇ ಹೇಳಿ ಮಾಡಿಸಿದ್ದಲ್ವಾ? ಅರ್ಧ ಬಂದ್ರೆ ಬೆಳೆಗಾರರ ಕಡೆಗೇ ಹೋಗ್ಲಿ ಅಂತ ದೊಡ್ಡ ಯಜಮಾನ್ರು ಇದ್ದಾಗ್ಲೇ ಆದ ಮಾತು." ಅಂದರೆ ನಾನು ದೋಷವೆಂದು ಅಳಿಸಲು ಹೊರಟದ್ದು ಆ ಅಂಗಡಿ ತನ್ನ ಬೆಳೆಗಾರರಿಗೆ ಕೊಟ್ಟ ಮಾತಾಗಿತ್ತು. ಮೂರನೆಯ ಬಗೆಯದು ಮಾತ್ರ ಶುದ್ಧ ನನ್ನ ತಪ್ಪು. 2022ರಲ್ಲಿ ವರದಿಯೊಂದನ್ನು ಸೇರಿಸುವಾಗ ಎಲ್ಲಿಂದಲೋ ಅಂಟಿಸಿದ ಎರಡು ಸಾಲುಗಳು. ಎರಡು ಹಂಗಾಮುಗಳ ಬಿಲ್ಲುಗಳನ್ನು ಮತ್ತೆ ಲೆಕ್ಕ ಹಾಕಿದಾಗ ಸುಮಾರು ಕಾಲುಭಾಗದಲ್ಲಿ 0.1 ಓಟಿ ಕಡಿಮೆ ಬಂದಿತ್ತು. ಆ ವ್ಯಾಪಾರಿಗೆ ಇದನ್ನು ಹೇಳಲು ಹೋದ ದಿನ ನನ್ನ ಕೈಗೆ ಚಹಾದ ಲೋಟ ನಿಲ್ಲಲಿಲ್ಲ. ಅವರು ಆ ದಿನ ಏನೂ ಹೇಳದೆ, ಮರುದಿನ ಬೆಳಿಗ್ಗೆ ಫೋನ್ ಮಾಡಿ ಬೆಳೆಗಾರರ ಹೆಸರುವಾರು ಪಟ್ಟಿ ಕೇಳಿದರು. ಮುಂದಿನ ಹಂಗಾಮಿನ ಬಿಲ್ಲಿನಲ್ಲಿ ಸೇರಿಸಿ ಕೊಡುತ್ತೇವೆ ಎಂದರು. ಆ ವರ್ಷದ ನನ್ನ ನಿರ್ವಹಣಾ ಶುಲ್ಕವನ್ನು ನಾನು ಕೇಳಲಿಲ್ಲ.

ತೇವಾಂಶದ ಕಡಿತದಲ್ಲೂ ಇಂಥದೇ ಕವಲು ಇತ್ತು. ಒಪ್ಪಿದ ಮಿತಿ ಶೇ. 11 ಇದ್ದು ಸ್ಯಾಂಪಲ್ ಶೇ. 14 ತೋರಿಸಿದರೆ ಕೆಲವರು ನೇರವಾಗಿ ಶೇ. 3 ಕಳೆಯುತ್ತಾರೆ, ಆಗ 2,000 ಕೆ.ಜಿ. ಇದ್ದದ್ದು 1,940 ಆಗುತ್ತದೆ. ಕೆಲವರು ಒಣ ಪದಾರ್ಥದ ಅನುಪಾತ ಹಿಡಿದು 86ನ್ನು 89ರಿಂದ ಭಾಗಿಸುತ್ತಾರೆ, ಆಗ ಅದು 1,932.6 ಆಗುತ್ತದೆ. ಚೀಲದ ತೂಕವನ್ನು ಈ ಕಡಿತಕ್ಕೆ ಮೊದಲು ಕಳೆಯಬೇಕೋ ಆಮೇಲೋ ಎಂಬುದರಲ್ಲೂ ಎರಡು ಪದ್ಧತಿಗಳಿದ್ದವು. ಇವೆಲ್ಲ ವ್ಯಾಪಾರದ ಪದ್ಧತಿಗಳೇ ಎಂದು ಎಲ್ಲ ಕಡೆಯಿಂದಲೂ ಖಚಿತವಾಯಿತು, ಉಳಿಸಿಕೊಂಡೆ.

ಒಂದುಗೂಡಿಸುವ ವಿನ್ಯಾಸಕ್ಕೆ ಬಂದಾಗ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1976ರಷ್ಟು ಹಿಂದೆಯೇ ಹೇಳಿದ್ದ ಮಾತು ನೆರವಾಯಿತು. ಒಂದು ಪೂರ್ಣ ತಂತ್ರಾಂಶವನ್ನು ತಿದ್ದಿ ಇನ್ನೊಂದನ್ನು ಮಾಡುವ ಬದಲು ಅವೆಲ್ಲವನ್ನೂ ಒಂದು ಕುಟುಂಬವೆಂದು ಕಂಡು, ಎಲ್ಲಕ್ಕೂ ಸಮಾನವಾದದ್ದನ್ನು ಮೊದಲು ನಿಶ್ಚಯಿಸಿ, ವ್ಯತ್ಯಾಸಗಳ ನಿರ್ಧಾರವನ್ನು ಆಮೇಲಕ್ಕೆ ಬಿಡಬೇಕೆಂದು ಅವರು ವಾದಿಸಿದ್ದರು. ನಾನು ಹತ್ತು ವರ್ಷ ಮಾಡಿದ್ದು ಸರಿಯಾಗಿ ಇದರ ತಲೆಕೆಳಗು. ಸಮಾನವಾದದ್ದು ತೂಕ ಓದುವುದು, ಸ್ಯಾಂಪಲ್ ದಾಖಲಿಸುವುದು, ಬಿಲ್ಲು ಬರೆಯುವುದು, ಬಾಕಿ ಲೆಕ್ಕ. ಬೇರೆಯಾಗುವುದು ದುಂಡಾಗಿಸುವ ಕ್ರಮ, ತೇವಾಂಶದ ಸೂತ್ರ, ಚೀಲದ ಕಡಿತದ ಸರದಿ, ತೂಕದ ಯಂತ್ರದ ಮಾದರಿ, ಬಿಲ್ಲಿನ ನಮೂನೆ ಹೀಗೆ 14 ಅಂಶಗಳು.

ಇಲ್ಲಿ ಒಂದು ಹೊಂಡವಿದೆ. 14 ಅಂಶಗಳಿಗೂ ಹೌದು-ಇಲ್ಲ ಎಂಬ ಗುಂಡಿಯಿಟ್ಟು ಗಿರಾಕಿಯ ಕೈಗೆ ಕೊಟ್ಟರೆ 16,384 ಬಗೆಯ ತಂತ್ರಾಂಶಗಳು ಹುಟ್ಟುತ್ತವೆ. ಒಂಬತ್ತು ಪ್ರತಿಗಳ ಸಾಲವನ್ನು ತೀರಿಸಲು ಅದಕ್ಕಿಂತ ದೊಡ್ಡ ಸಾಲ ಮಾಡಿದಂತಾಗುತ್ತದೆ. ಆದ್ದರಿಂದ ಗುಂಡಿಗಳನ್ನು ಯಾರಿಗೂ ಕೊಡಲಿಲ್ಲ. ಪ್ರತಿ ಅಂಗಡಿಗೂ ಒಂದು ಪುಟ್ಟ ಕಡತ, ಅದರಲ್ಲಿ 14 ಸಾಲುಗಳು, ಪ್ರತಿ ಸಾಲಿನ ಕೆಳಗೆ ಯಾರು ಯಾವಾಗ ಏಕೆ ಕೇಳಿದರೆಂಬ ಒಂದು ವಾಕ್ಯ. ಆ ವಾಕ್ಯ ಖಾಲಿಯಿದ್ದರೆ ತಂತ್ರಾಂಶ ಕಟ್ಟಿಕೊಳ್ಳುವುದೇ ಇಲ್ಲ, ಹಾಗೆ ಬರೆದಿದ್ದೇನೆ. ಪರೀಕ್ಷೆ ನಡೆಯುವುದು ಆ ಒಂಬತ್ತು ಕಡತಗಳಿಗೆ ಮಾತ್ರ. ಯಾರೂ ಬಳಸದ ಆಯ್ಕೆಗಳನ್ನು ಮುಂದೆ ಬೇಕಾದೀತೆಂದು ಉಳಿಸಿಕೊಳ್ಳುವ ಆಸೆಯೂ ಬಂತು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆಯಲ್ಲಿ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ತಲುಪದೆ, ಮರುಬಳಕೆ ಮಾಡಿದ ಒಂದು ಗುರುತಿನಿಂದ ವರ್ಷಗಳ ಹಿಂದೆ ಕೈಬಿಟ್ಟಿದ್ದ ಕೋಡ್ ಎಚ್ಚೆತ್ತು, ಮುಕ್ಕಾಲು ಗಂಟೆಯಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ನಷ್ಟವಾದದ್ದನ್ನು ನೆನೆದು, ಸತ್ತ ಕೋಡನ್ನೆಲ್ಲ ಅಳಿಸಿದೆ.

ಬೆಳೆಗಾರರ ಹೆಸರು ಮತ್ತು ಊರಿನ ಪಟ್ಟಿಯನ್ನು ಒಂದೇ ರೂಪಕ್ಕೆ ತರುವುದು ಸುಲಭವೆಂದುಕೊಂಡಿದ್ದೆ. ಮೂರು ಪ್ರತಿಗಳು ಹಳೆಯ ನುಡಿ ಫಾಂಟಿನ ಸಂಕೇತಗಳಲ್ಲಿ, ಆರು ಯೂನಿಕೋಡಿನಲ್ಲಿ ಇದ್ದವು. ಹಳೆಯ ನುಡಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಸ್ಥಾನದಲ್ಲೇ, ಅಂದರೆ ಅಕ್ಷರದ ನಂತರ ದಾಖಲಿಸಲಾಗುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರುತ್ತದೆ. ಒಂದಕ್ಕೊಂದು ಅಕ್ಷರ ಬದಲಿಸಿದರೆ ಸಾಲದು, ತೀರ್ಥಹಳ್ಳಿಯಂಥ ಹೆಸರುಗಳಲ್ಲಿ ಸರದಿಯನ್ನೂ ಹಿಂದುಮುಂದು ಮಾಡಬೇಕು. ಅದು ಮುಗಿದ ಮೇಲೂ ಒಂದೇ ಪಟ್ಟಿಯಲ್ಲಿ ಕೊಪ್ಪ ಎಂಬ ಊರು ಎರಡು ಬಾರಿ ಕಾಣಿಸಿತು. ಕಣ್ಣಿಗೆ ಎರಡೂ ಒಂದೇ. ಒಂದರಲ್ಲಿ ಒತ್ವವು ಒಂದೇ ಸಂಕೇತವಾಗಿತ್ತು, ಇನ್ನೊಂದರಲ್ಲಿ ಎತ್ವ ಮತ್ತು ಊಕಾರದ ಚಿಹ್ನೆಗಳು ಜೋಡಿಯಾಗಿ ಕೂತಿದ್ದವು. ಯೂನಿಕೋಡ್ ನಿಯಮದ ಪ್ರಕಾರ ಇವೆರಡೂ ಸಮಾನ, ಆದರೆ ಬೈಟ್‌ಗಳನ್ನಷ್ಟೇ ಹೋಲಿಸುವ ನನ್ನ ಕೋಡಿಗೆ ಅವು ಬೇರೆ ಬೇರೆ ಊರುಗಳು. ಹೆಸರು ದಾಖಲಾಗುವ ಬಾಗಿಲಲ್ಲೇ ಎಲ್ಲವನ್ನೂ ಎನ್‌ಎಫ್‌ಸಿ ಎಂಬ, ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ ತರುವ ಒಂದು ಸಾಲು ಸೇರಿಸಿದ ಮೇಲೆ ತೊಂದರೆ ನಿಂತಿತು. ಒಬ್ಬ ಬೆಳೆಗಾರರ ಮುಂಗಡ ಒಂದು ಕೊಪ್ಪದಲ್ಲೂ ಬಿಲ್ಲು ಇನ್ನೊಂದು ಕೊಪ್ಪದಲ್ಲೂ ಇದ್ದು, ಎರಡು ವರ್ಷದಿಂದ ಅವರ ಖಾತೆ ಹೊಂದಿರಲಿಲ್ಲವೆಂಬುದೂ ಆಗ ಬಯಲಾಯಿತು.

ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಇಳಿದೆ. ಹಳೆಯ ಬಿಲ್ಲುಗಳೇ ಇದಕ್ಕೆ ಒರೆಗಲ್ಲು. ಪ್ರತಿ ಅಂಗಡಿಯ ಮೂರು ಹಂಗಾಮುಗಳ ತೂಕ, ಸ್ಯಾಂಪಲ್ ಮತ್ತು ದರವನ್ನು ಹೊಸ ತಂತ್ರಾಂಶಕ್ಕೆ ಕೊಟ್ಟು, ಬಂದ ಮೊತ್ತ ಅಂದು ಮುದ್ರಿತವಾದ ಮೊತ್ತದೊಂದಿಗೆ ಪೈಸೆಗೆ ಪೈಸೆ ಹೊಂದುತ್ತದೆಯೇ ಎಂದು ನೋಡಿದೆ. ಹೊಂದದ ಪ್ರತಿ ಬಿಲ್ಲಿಗೂ ಲೆಡ್ಜರ್ ಪುಸ್ತಕದಲ್ಲಿ ವಿವರಣೆ ಸಿಗಲೇಬೇಕೆಂಬ ನಿಯಮ ಹಾಕಿಕೊಂಡೆ. ಮೊದಲ ರಾತ್ರಿ ಹೊಂದದ ಬಿಲ್ಲುಗಳು ನೂರಾರು, ಮೂರು ವಾರಗಳ ನಂತರ ವಿವರಣೆ ಸಿಗದೆ ಉಳಿದವು ಐದು. ಆ ಐದೂ ಗುಮಾಸ್ತರು ಕೈಯಾರೆ ತಿದ್ದಿದ ಬಿಲ್ಲುಗಳೆಂದು ರಸೀದಿ ಪುಸ್ತಕದ ಶಾಯಿಯೇ ಹೇಳಿತು. ತೂಕದ ಯಂತ್ರಗಳಲ್ಲಿ ಎರಡು ಮಾದರಿಗಳು ಸ್ಥಿರತೆಯ ಗುರುತನ್ನೇ ಕಳುಹಿಸುವುದಿಲ್ಲ. ಅವುಗಳಿಗೆ ಸತತ ಐದು ಸಲ ಒಂದೇ ತೂಕ ಬಂದರೆ ಮಾತ್ರ ಒಪ್ಪಿಕೊಳ್ಳುವ ಕ್ರಮ ಬರೆದೆ. ಯುಎಸ್‌ಬಿ ತಂತಿಯನ್ನು ಬೇರೆ ತೂತಿಗೆ ಚುಚ್ಚಿದರೆ ಪೋರ್ಟ್ ಸಂಖ್ಯೆ ಬದಲಾಗುವ ಹಳೆಯ ಕಿರಿಕಿರಿ ಹಾಗೆಯೇ ಇದೆ.

ನವೆಂಬರಿನಲ್ಲಿ ಅರೇಬಿಕಾ ಬರತೊಡಗಿದಾಗ ಮೂಡಿಗೆರೆಯ ಅದೇ ಅಂಗಡಿಯಲ್ಲಿ ಹಳೆಯದು ಮತ್ತು ಹೊಸದು ಎರಡನ್ನೂ ಹದಿನೈದು ದಿನ ಒಟ್ಟಿಗೆ ಓಡಿಸಿದೆವು. ಗುಮಾಸ್ತರಿಗೆ ಎರಡೆರಡು ಸಲ ಒತ್ತುವುದು ಬೇಸರವಾದರೂ ಬಿಲ್ಲುಗಳು ಹೊಂದಿದವು. ಡಿಸೆಂಬರ್ ಕೊನೆಯ ಹೊತ್ತಿಗೆ ಎಂಟು ಅಂಗಡಿಗಳು ಹೊಸದಕ್ಕೆ ಬಂದವು. ಕಳಸದ ವ್ಯಾಪಾರಿ ಒಪ್ಪಲಿಲ್ಲ. ಓಡುತ್ತಿರುವುದನ್ನು ಹಂಗಾಮಿನ ನಡುವೆ ಮುಟ್ಟುವುದು ಬೇಡ ಎಂದರು, ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಅವರ ಪ್ರತಿಗೆ ಸ್ಥಿರ ತೂಕದ ತಿದ್ದುಪಡಿಯೊಂದನ್ನು ಮಾತ್ರ ಹಾಕಿ, ಇದು ಬೇರೆಯಾಗಿ ಉಳಿದಿರುವುದೇಕೆ ಎಂಬುದನ್ನು ದಿನಾಂಕದೊಂದಿಗೆ ಅದರ ಫೋಲ್ಡರಿನಲ್ಲಿ ಬರೆದಿಟ್ಟಿದ್ದೇನೆ. ಜನವರಿಯಲ್ಲಿ ಬಾಳೆಹೊನ್ನೂರಿನವರು ಹೊಸ ತೂಕದ ಯಂತ್ರ ಕೊಂಡಾಗ ಒಂದು ಕಡತ ತಿದ್ದಿದೆ, ಒಂಬತ್ತು ಕಡತಗಳ ಪರೀಕ್ಷೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು, ಸಂಜೆಯೊಳಗೆ ಎಂಟು ಅಂಗಡಿಗಳಿಗೆ ಕಳುಹಿಸಿದೆ. ಮರುದಿನ ಬೆಳಿಗ್ಗೆ ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಕಳಸದ ಬಸ್ ಹತ್ತಿದೆ.